ಹೊನ್ನಾಜಮ್ಮನ ನಗು ನಿಂತ ವರ್ಷ

ನಮ್ಮೂರ ಟೆಂಟಿಗೆ ಹಾಸ್ಯದ ಸಿನಿಮಾ ಬಂದ ವಾರ ಕ್ಷೌರದಂಗಡಿಗಳು ಮ್ಯಾಟಿನಿ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತವೆ. ಟೆಂಟಿನೊಳಗೆ ಮುನ್ನೂರು ಜನ ಕಿವಿ ಕೆಂಪಗೆ ಮಾಡಿಕೊಂಡು ಕಲ್ಲಿನ ಹಾಗೆ ಕೂತಿರುತ್ತಾರೆ. ಅವರ ನಗು ಮಾತ್ರ ಊರೆಲ್ಲ ಹರಡಿ, ನಲ್ಲಿಯ ಮುಂದೆ ಸಾಲಿನಲ್ಲಿ ನಿಂತವಳಿಂದ, ಕಾಗದ ಹಂಚುತ್ತಿರುವ ಅಂಚೆಯವನಿಂದ, ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಕೂತವನಿಂದ ಹೊರಗೆ ಬರುತ್ತದೆ. ಕೈಯಲ್ಲಿ ಕತ್ತಿ ಹಿಡಿದವನು ಎಚ್ಚರಿಕೆಯಿಂದ ಇರಬೇಕಲ್ಲ. ಬಸ್ ನಿಲ್ದಾಣದ ಎದುರಿನ ಕ್ಷೌರದಂಗಡಿಯ ಮುನಿವೆಂಕಟ ಹೊಸ ಸಿನಿಮಾದ ಪೋಸ್ಟರ್ ಅಂಟಿಸುವವನಿಗೆ ಮೊದಲು ಕೇಳುವ ಪ್ರಶ್ನೆಯೇ, ಇದು ಅಳು ಬರಿಸೋದೋ ನಗು ಬರಿಸೋದೋ ಎಂದು.

ಒಬ್ಬರಿಗೆ ನಗು ಹುಟ್ಟಿದರೆ ಅವರ ಕಿವಿ ಕೆಂಪಾಗುತ್ತದೆ, ನಗು ಇನ್ನೊಬ್ಬರ ಬಾಯಿಂದ ಬರುತ್ತದೆ. ಯಾರದು ಯಾರಿಗೆ ಹೋಗಬೇಕೆಂಬುದು ಹುಟ್ಟಿನಿಂದಲೇ ನಿಗದಿಯಾಗಿಬಿಟ್ಟಿರುತ್ತದೆ, ಆದರೆ ನಮಗೆ ಯಾರೂ ಹೇಳಿರುವುದಿಲ್ಲ. ಹಾಗಾಗಿ ನಮ್ಮಲ್ಲಿ ಒಂದು ಮರ್ಯಾದೆ ಬೆಳೆದುಬಂದಿದೆ. ಸಾವಿನ ಮನೆಯಲ್ಲೋ ಪುರಸಭೆಯ ಸಭೆಯಲ್ಲೋ ನಗು ಬಂದುಬಿಟ್ಟರೆ ಬಲಗೈ ಎತ್ತಿ ಅಂಗೈ ತೋರಿಸಬೇಕು. ‘ನಂದಲ್ಲ’ ಎಂದು ಅದರ ಅರ್ಥ. ಎಲ್ಲರೂ ತಲೆಯಾಡಿಸಿ ಕೆಲಸ ಮುಂದುವರಿಸುತ್ತಾರೆ. ಜೋಕು ಹೇಳಿದವನು ಎದುರಿಗಿದ್ದವರ ಬಾಯಿ ನೋಡುವುದಿಲ್ಲ, ಕಿವಿ ನೋಡುತ್ತಾನೆ. ಹೆಣ್ಣು ನೋಡಲು ಹೋದವರೂ ಹುಡುಗಿಯ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿರಬೇಕೆಂದು ಮೊದಲೇ ಹೇಳಿ ಕಳಿಸುತ್ತಾರೆ.

ಇದರಿಂದ ನಮಗೆ ತೊಂದರೆ ಆಗುವುದು ಊರು ಬಿಟ್ಟು ಹೋದಾಗ. ನಾನು ಆರು ವರ್ಷ ದೂರದ ವಿಶ್ವವಿದ್ಯಾಲಯವೊಂದರಲ್ಲಿದ್ದೆ. ಉಪ್ಪುನೀರು ಹೆಪ್ಪುಗಟ್ಟುವಾಗ ಎಷ್ಟು ಶಾಖ ಬಿಡುತ್ತದೆ ಎಂದು ಅಳೆಯುವುದು ನನ್ನ ಸಂಶೋಧನೆ. ಹಾಸ್ಟೆಲಿನಲ್ಲಿ ನನ್ನನ್ನು ಮುಖಗಂಟಿನ ಚೆಲುವರಾಜು ಎಂದು ಕರೆಯುತ್ತಿದ್ದರು. ಗೆಳೆಯರು ಹೇಳುವುದೆಲ್ಲ ನನಗೆ ತಡೆಯಲಾಗದಷ್ಟು ತಮಾಷೆ ಎನಿಸುತ್ತಿತ್ತು, ಕಿವಿ ಕೆಂಡವಾಗುತ್ತಿತ್ತು, ತುಟಿ ಮಾತ್ರ ಅಲುಗುತ್ತಿರಲಿಲ್ಲ. ಕೊನೆಯ ಮೌಖಿಕ ಪರೀಕ್ಷೆಯ ದಿನ, ಹೊರಗಿನಿಂದ ಬಂದಿದ್ದ ವಯಸ್ಸಾದ ಪರೀಕ್ಷಕರು ನಾಲ್ಕನೆಯ ಅಧ್ಯಾಯದಲ್ಲಿ ನನ್ನ ಉಷ್ಣಮಾಪಕ ಅರ್ಧ ಡಿಗ್ರಿ ತಪ್ಪು ತೋರಿಸಿರಬಹುದೆಂದು ಬಹಳ ನೋವಿನಿಂದ ವಿವರಿಸುತ್ತಿದ್ದಾಗ, ಯಾರದೋ ನಗು ನನ್ನೊಳಗಿಂದ ಎದ್ದು ಬಂತು. ಏಳು ನಿಮಿಷ ನಕ್ಕೆ. ಅಭ್ಯಾಸಬಲದಿಂದ ಬಲಗೈ ಎತ್ತಿ ಅಂಗೈ ತೋರಿಸಿದೆ. ತಮಗೆ ಆಶೀರ್ವಾದ ಮಾಡುತ್ತಿದ್ದೇನೆ ಎಂದು ಅವರು ತಿಳಿದರು. ಪ್ರಬಂಧ ತಿರಸ್ಕೃತವಾಯಿತು.

ಊರಿಗೆ ಬಂದು ಪುರಸಭೆಯ ನೀರಿನ ಟ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದೆ. ಮನೆಮನೆಯ ನಲ್ಲಿಯಿಂದ ನೀರು ಹಿಡಿದು, ಕ್ಲೋರಿನ್ ಎಷ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಕೆಲಸ ಅಚ್ಚುಕಟ್ಟಾಗಿ ಮಾಡುತ್ತಿದ್ದೆ. ಅದರಾಚೆಗೆ ಯಾವುದೂ ಬೇಕಿರಲಿಲ್ಲ. ಬಂದಂದಿನಿಂದ ನನ್ನ ಬಾಯಿಂದ ಯಾರ ನಗುವೂ ಬಂದಿರಲಿಲ್ಲ. ನಮ್ಮೂರಿನವನಾಗಿ ನಾನು, ಅಯ್ಯೋ, ಅದನ್ನು ಕಳಿಸುವವರಿಗೆ ಏನಾಯಿತೋ ಎಂದು ಚಿಂತಿಸಬೇಕಿತ್ತು. ಚಿಂತಿಸಲಿಲ್ಲ. ಪೀಡೆ ತೊಲಗಿತು ಎಂದುಕೊಂಡು ಯಾರಿಗೂ ಹೇಳದೆ ಸುಮ್ಮನಿದ್ದೆ.

ನನ್ನನ್ನು ಸಾಕಿದವಳು ದೊಡ್ಡಮ್ಮ ಹೊನ್ನಾಜಮ್ಮ. ಅವಳ ನಗು ಊರಿಗೇ ಹೆಸರಾಗಿತ್ತು. ಅದು ಹೊಟ್ಟೆಯಲ್ಲಿ ಶುರುವಾಗಿ, ಸೊಂಟದ ಬೀಗದಕೈ ಗೊಂಚಲನ್ನು ಕುಣಿಸಿ, ಬಾಯಿಗೆ ಬರುವ ಹೊತ್ತಿಗೆ ಕೆರೆಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕೇಳುತ್ತಿತ್ತು. ಆ ನಗು ನಿಂತುಹೋಗಿತ್ತು. ನಾನು ಊರಿಗೆ ಬಂದ ಮೇಲೆ ಅದನ್ನು ಕೇಳಿದ ನೆನಪೇ ನನಗಿರಲಿಲ್ಲ. ನನ್ನ ಮುಖ ನೋಡಿ ಸುಮ್ಮನಾಗಿರಬೇಕು ಎಂದುಕೊಂಡಿದ್ದೆ. ನಮ್ಮೂರಲ್ಲಿ ನಗು ಹಾಗೆ ನಿಲ್ಲುವುದಿಲ್ಲ ಎಂಬ ಸಾಮಾನ್ಯ ಜ್ಞಾನವೂ ನನಗೆ ಆಗ ಹೊಳೆಯಲಿಲ್ಲ.

ಹನ್ನೊಂದು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ನನ್ನೆದುರು ಬಂದು ಕೂತಳು. ಒಬ್ಬರಿಂದ ಪೂರ್ತಿ ಒಂದು ವರ್ಷ ನಗು ಬರದಿದ್ದರೆ, ಅದನ್ನು ಕಳಿಸುತ್ತಿದ್ದವರು ತೀರಿಕೊಂಡರೆಂದೇ ನಮ್ಮೂರಿನ ಲೆಕ್ಕ. ಆಗ ಅವರಿಗೆ ತಿಥಿ ಮಾಡಿ, ಎಡೆ ಇಟ್ಟು, ಕಳಿಸಿಕೊಡಬೇಕು. ಎಡೆಯನ್ನು ಕಾಗೆ ಮುಟ್ಟಿತೆಂದರೆ ನಗು ಬರುವ ದಾರಿ ಮುಚ್ಚಿದಂತೆ. ಕಳಿಸುವವರು ಎಲ್ಲೋ ಬದುಕಿದ್ದರೆ ಅವರ ಗತಿ ಇನ್ನೂ ಕಷ್ಟ. ಅವರಿಗೆ ಮುಂದೆ ನಗು ಹುಟ್ಟುವುದೇ ಇಲ್ಲ, ಪಡೆಯುವವರಿಗೆ ಬರುವುದೂ ಇಲ್ಲ. ದೊಡ್ಡಮ್ಮನಿಗೆ ತನ್ನ ನಗುವಿನ ಚಿಂತೆ ಇರಲಿಲ್ಲ.

“ಯಾರೋ ಪಾಪ, ವರ್ಷದಿಂದ ಒಂದು ಸಲನೂ ಮನಸಾರೆ ನಕ್ಕಿಲ್ಲ ಕಣೋ,” ಎಂದಳು. “ಹೊಟ್ಟೆಗೆ ಉಂಡವ್ರೋ ಇಲ್ವೋ. ಬದುಕಿರೋರಿಗೆ ಎಡೆ ಇಕ್ಕಿದ ಪಾಪ ನಂಗ್ ಬ್ಯಾಡ. ನೀನು ಓದಿದೀಯ, ಹುಡುಕಿ ಕೊಡು.”

ಓದಿದ್ದೀಯ ಎಂಬ ಮಾತು ಚುಚ್ಚಿತು, ಆದರೆ ಕೆಲಸ ನನಗೆ ಒಗ್ಗುವಂಥದು. ಇಪ್ಪತ್ತಾರು ದಿನ ಉಳಿದಿದ್ದವು. ಊರಿನಲ್ಲಿರುವವರು ಮತ್ತು ಊರು ಬಿಟ್ಟು ಹೋದವರು ಸೇರಿ ಸಾವಿರದ ನೂರ ನಲವತ್ತಾರು ಜನ. ದಿನಕ್ಕೆ ನಲವತ್ತನಾಲ್ಕು, ಕೊನೆಯ ದಿನ ಮಾತ್ರ ನಲವತ್ತಾರು. ವಿಧಾನ ಸರಳ. ನೀರು ಹಿಡಿಯುವ ನೆವದಲ್ಲಿ ಪ್ರತಿ ಮನೆಗೆ ಹೋಗುವುದು, ಎಲ್ಲರಿಗೂ ಒಂದೇ ತಮಾಷೆಯ ಕಥೆ ಹೇಳುವುದು, ಕಿವಿ ಕೆಂಪಾದ ನಿಮಿಷವನ್ನು ಬರೆದುಕೊಳ್ಳುವುದು. ಮನೆಯಲ್ಲಿ ದೊಡ್ಡಮ್ಮ ಗಡಿಯಾರದ ಮುಂದೆ ಕೂತು, ನಗು ಬಂದರೆ ಆ ನಿಮಿಷವನ್ನು ಬರೆದಿಡುವುದು. ಸಂಜೆ ಎರಡನ್ನೂ ತಾಳೆ ನೋಡುವುದು. ಊರಿನಾಚೆ ಇರುವವರಿಗೆ ಫೋನಿನಲ್ಲೇ ಕಥೆ, ಕಿವಿ ನೋಡಲು ಅವರ ಪಕ್ಕದಲ್ಲೊಬ್ಬ ಸಾಕ್ಷಿ. ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರ ನಡುವೆ ನಗು ಹೋಗಿಬರುವುದಿಲ್ಲ ಎಂಬುದು ನಮ್ಮೂರಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಕೆರೆಬೀದಿಯ ಹದಿನೇಳನೆಯ ನಂಬರಿನ ಮನೆಯನ್ನು, ಎಂದರೆ ನಮ್ಮ ಮನೆಯನ್ನು, ಲೆಕ್ಕ ಹಾಕುವ ಮೊದಲೇ ಪಟ್ಟಿಯಲ್ಲಿ ಗೆರೆ ಎಳೆದು ಬಿಟ್ಟಿದ್ದೆ.

ಕಥೆಯನ್ನು ಕಲಿಸಿದವನು ಮುನಿವೆಂಕಟ. ಪೈಲ್ವಾನನೊಬ್ಬ ಕನ್ನಡಕ ಕೊಳ್ಳಲು ಹೋದ ಕಥೆ, ಹೇಳಲು ಮೂರು ನಿಮಿಷ ನಲವತ್ತು ಸೆಕೆಂಡು ಬೇಕು. ನಾನು ಅದನ್ನು ಉಷ್ಣಮಾಪಕದ ಅಂಕಿ ಓದುವ ಹಾಗೆ ಹೇಳುತ್ತೇನೆ ಎಂದು ಅವನ ದೂರು. ಹಾಗೆ ಹೇಳಿದ್ದೇ ಒಳ್ಳೆಯದಾಯಿತು. ಕಥೆಗಿಂತ ಹೆಚ್ಚಾಗಿ, ಒಂದು ಕೈಯಲ್ಲಿ ನೀರಿನ ಶೀಷೆ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು, ಹುಬ್ಬು ಗಂಟಿಕ್ಕಿ, ಪೈಲ್ವಾನ ಈಗ ಕನ್ನಡಿ ನೋಡುತ್ತಾನೆ ಎನ್ನುವ ನನ್ನನ್ನು ನೋಡಿಯೇ ಜನರ ಕಿವಿ ದಾಸವಾಳದ ಹೂವಾಗುತ್ತಿತ್ತು. ಎರಡನೆಯ ವಾರಕ್ಕೆ ಊರಿನ ಸ್ಥಿತಿ ನೋಡುವ ಹಾಗಿರಲಿಲ್ಲ. ನಾನು ತೇರಿನಂತೆ ಒಂದೊಂದೇ ಬೀದಿ ಮುಗಿಸುತ್ತಿದ್ದರೆ, ಬೇರೆ ಬೀದಿಗಳಲ್ಲಿ ನಗು ಸಿಡಿಯುತ್ತಿತ್ತು. ಸೊಸೈಟಿಯಲ್ಲಿ ಸಕ್ಕರೆ ತೂಗುವವನು ಮೂರು ಸಲ ತಕ್ಕಡಿ ಬೀಳಿಸಿದ. ಮುನಿವೆಂಕಟ ಇಬ್ಬರ ಮೀಸೆ ಅರ್ಧರ್ಧ ಬೋಳಿಸಿ, ಕೈ ಎತ್ತಿ ಅಂಗೈ ತೋರಿಸಿದ. ದೊಡ್ಡಮ್ಮ ಮಾತ್ರ ಗಡಿಯಾರದ ಮುಂದೆ ಪೆನ್ಸಿಲು ಹಿಡಿದು ಮೌನವಾಗಿ ಕೂತಿರುತ್ತಿದ್ದಳು. ಸಂಜೆ ನಾನು ಒಳಗೆ ಬರುವಾಗ ಅವಳ ಹಾಳೆ ಖಾಲಿ ಇರುತ್ತಿತ್ತು.

ಇಪ್ಪತ್ತಾರನೆಯ ದಿನ ಎಲ್ಲ ಮುಗಿಯಿತು. ಸಾವಿರದ ನೂರ ನಲವತ್ತಾರು ಹೆಸರಿನ ಮುಂದೆಯೂ ಅಡ್ಡಗೆರೆ. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಎರಡು ಸಲ ಪರಿಶೀಲಿಸಿದ್ದೆ. ಕಳಿಸುವವರು ಬದುಕಿಲ್ಲ ಎಂದು ದೊಡ್ಡಮ್ಮನಿಗೆ ನಾನೇ ಹೇಳಬೇಕಾಯಿತು. ಅವಳು ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚುತ್ತಿದ್ದಳು. ಆಮೇಲೆ ಉದ್ದು ನೆನೆ ಹಾಕಲು ಎದ್ದಳು.

ಮಾರನೆಯ ಬೆಳಿಗ್ಗೆ ಹಿತ್ತಲಿನಲ್ಲಿ ತಿಥಿ. ಮಾಡಿಸಲು ಅನಂತ ಜೋಯಿಸರು ಬಂದರು. ಜೋಯಿಸರಿಗೆ ಎಪ್ಪತ್ತು ದಾಟಿದೆ, ಕಣ್ಣು ಅಷ್ಟಕ್ಕಷ್ಟೆ, ಶಾಸ್ತ್ರದಲ್ಲಿ ಮಾತ್ರ ಒಂದು ದರ್ಭೆಯೂ ಆಚೀಚೆ ಆಗಕೂಡದು. ಬೆಳಿಗ್ಗೆ ನನ್ನ ಗಡ್ಡ ತೆಗೆಯಲು ಬಂದಿದ್ದ ಮುನಿವೆಂಕಟ, ವಡೆಯ ವಾಸನೆಗೆ ಮನಸೋತು, ಚೀಲವನ್ನು ಗೋಡೆಗೆ ಒರಗಿಸಿ ಅಲ್ಲೇ ಕೂತುಬಿಟ್ಟ. ದಾನ ಕೊಡಲು ಪಂಚೆ, ಕೊಡೆ, ಚಪ್ಪಲಿ ತಂದಿಟ್ಟಿದ್ದೆವು. ತೊಂದರೆ ಶುರುವಾದದ್ದು ಅಲ್ಲಿಂದ. ತೀರಿಕೊಂಡವರು ಗಂಡಸೋ ಹೆಂಗಸೋ ಎಂದು ಜೋಯಿಸರು ಕೇಳಿದರು. ಗೊತ್ತಿಲ್ಲ ಎಂದೆ. ವಯಸ್ಸು ಕೇಳಿದರು. ಅದೂ ಗೊತ್ತಿಲ್ಲ. ಅಳತೆಯಿಲ್ಲದೆ ಚಪ್ಪಲಿ ಕೊಟ್ಟರೆ ಹೋದವರು ದಾರಿಯಲ್ಲಿ ಎಡವುವುದಿಲ್ಲವೇ ಎಂದು ಅವರು ತಲೆ ಕೆರೆದುಕೊಂಡರು. ಕೊನೆಗೆ, ಅಳತೆಗೆ ಯಾರಾದರೂ ಒಬ್ಬರು ತೀರಿಕೊಂಡವರ ಜಾಗದಲ್ಲಿ ನಿಂತರಾಯಿತು ಎಂದು ತೀರ್ಮಾನಿಸಿ ನನ್ನ ಕಡೆ ಬೆರಳು ತೋರಿಸಿದರು.

ನಾನು ಪ್ಯಾಂಟಿನ ಮೇಲೆಯೇ ಪಂಚೆ ಸುತ್ತಿ, ಚಪ್ಪಲಿ ಮೆಟ್ಟಿ, ಬಿಸಿಲಿಲ್ಲದಿದ್ದರೂ ಕೊಡೆ ಬಿಚ್ಚಿ ಹಿಡಿದು ದಕ್ಷಿಣಕ್ಕೆ ಮುಖ ಮಾಡಿ ನಿಂತೆ. ಚಪ್ಪಲಿ ಬೆರಳಿಗೆ ಬೆರಳು ಸರಿಹೋಗಿತ್ತು. ಜೋಯಿಸರು ಎದುರಿಗೆ ಕೂತು, ಹೆಸರು ತಿಳಿಯದ, ಊರು ತಿಳಿಯದ, ಇಷ್ಟು ವರ್ಷ ಈ ಮನೆಗೆ ನಗು ಕೊಟ್ಟ ಪುಣ್ಯಾತ್ಮರೇ ಎಂದು ನನ್ನ ಮಂಡಿಯನ್ನು ನೋಡುತ್ತ ಶುರುಮಾಡಿದರು. ದೊಡ್ಡಮ್ಮ ಎಳ್ಳು ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡಳು. ಅದನ್ನು ನೋಡಲಾರದೆ ನಾನು ಮನಸ್ಸಿನಲ್ಲೇ ಪಟ್ಟಿಯನ್ನು ಮತ್ತೊಂದು ಸಲ ತಿರುವಿಹಾಕಿದೆ. ಎಲ್ಲೋ ಒಬ್ಬರು ಬಿಟ್ಟುಹೋಗಿರಬೇಕು. ಮೇಗಲಬೀದಿ, ಸರಿ. ಸಂತೆಬೀದಿ, ಸರಿ. ಕೆರೆಬೀದಿ, ಹದಿನಾರರವರೆಗೆ ಸರಿ, ಹದಿನೆಂಟರಿಂದ ಮುಂದಕ್ಕೆ ಸರಿ. ಹದಿನೇಳರ ಮೇಲೆ ನಾನೇ ಎಳೆದ ಗೆರೆ. ಆ ಗೆರೆಯ ಅಡಿಯಲ್ಲಿ ಯಾರಿದ್ದಾರೆ? ದೊಡ್ಡಮ್ಮ. ಇನ್ನೊಬ್ಬ? ಇನ್ನೊಬ್ಬ ಬೆಳಗಿನಿಂದ ಸಂಜೆಯವರೆಗೆ ಊರವರೆಲ್ಲರ ಕಿವಿ ನೋಡುತ್ತ ತಿರುಗುತ್ತಿದ್ದ. ಅವನ ಕಿವಿಯನ್ನು ಯಾರೂ ನೋಡಿರಲಿಲ್ಲ. ಅವನಂತೂ ನೋಡಿಕೊಳ್ಳುವ ಹಾಗಿರಲಿಲ್ಲ. ಸಾವಿರದ ನೂರ ನಲವತ್ತಾರು ಜನರನ್ನು ಎಣಿಸಿದವನು ಈಗ ಸತ್ತವನ ಚಪ್ಪಲಿ ಮೆಟ್ಟಿಕೊಂಡು, ತನ್ನ ತಿಥಿಗೆ ತಾನೇ ಕೊಡೆ ಹಿಡಿದು ನಿಂತಿದ್ದ.

ಕಿವಿಯ ತುದಿಯಲ್ಲಿ ಸಣ್ಣಗೆ ಕಾವು ಏರಿತು. ಅದೇ ಹೊತ್ತಿಗೆ ದೊಡ್ಡಮ್ಮನ ಗಂಟಲಿನಲ್ಲಿ ‘ಕ್ಕು’ ಎಂದು ಏನೋ ಸಿಕ್ಕಿಕೊಂಡ ಸದ್ದಾಯಿತು. ಜೋಯಿಸರು ಬಿಕ್ಕಳಿಕೆಯೇ, ನೀರು ಕುಡಿಯಿರಿ ಎಂದರು. ಹೊಟ್ಟೆಪಾಡಿಗೆ ದಿನಕ್ಕೆ ಮೂವತ್ತು ಜೊತೆ ಕಿವಿ ನೋಡುವ ಮುನಿವೆಂಕಟ ಕೂತಲ್ಲಿಂದ ಎದ್ದು ಹತ್ತಿರ ಬಂದು, ನನ್ನ ತಲೆಯನ್ನು ಹಿಡಿದು ಅಂಗಡಿಯಲ್ಲಿ ತಿರುಗಿಸುವ ಹಾಗೆ ಬೆಳಕಿಗೆ ತಿರುಗಿಸಿದ.

“ಜೋಯಿಸ್ರೇ, ಸ್ವಲ್ಪ ನಿಲ್ಸಿ. ಸತ್ತೋರ ಕಿವಿ ಕೆಂಪಾಗ್ತಾ ಐತೆ.”

ಆ ಮಾತಿಗೆ ನನ್ನ ಕಿವಿ ಉರಿದುಹೋಯಿತು. ದೊಡ್ಡಮ್ಮನ ಹೊಟ್ಟೆಯಲ್ಲಿ ಏನೋ ಕದಲಿತು, ಬೀಗದಕೈ ಗೊಂಚಲು ಕುಣಿಯಿತು, ಹನ್ನೆರಡು ತಿಂಗಳ ನಗು ಒಟ್ಟಿಗೇ ಹೊರಗೆ ಬಂತು. ಹಿತ್ತಲ ಗೋಡೆಯ ಮೇಲೆ ಎಡೆಗಾಗಿ ಕಾಯುತ್ತಿದ್ದ ಕಾಗೆಗಳು ಒಂದೂ ಉಳಿಯದೆ ಹಾರಿದವು. ಅವಳು ನಗುತ್ತಲೇ ನನ್ನನ್ನು ನೋಡಿದಳು, ನನ್ನ ಪಂಚೆ ನೋಡಿದಳು, ಕೊಡೆ ನೋಡಿದಳು. ಅರ್ಥವಾಯಿತು. ಅರ್ಥವಾದದ್ದು ಅವಳ ಕಿವಿಗೆ ಏರಿತು. ಮರುಕ್ಷಣ, ಮೌಖಿಕ ಪರೀಕ್ಷೆಯ ದಿನದ ನಂತರ ಮೊದಲ ಸಲ, ನನ್ನೊಳಗಿಂದ ನಗು ಎದ್ದಿತು. ಮಕ್ಕಳಿಗೂ ಗೊತ್ತಿರುವ ಸಂಗತಿ ಸುಳ್ಳಾಗಿತ್ತು. ಅವಳದು ನನಗೆ, ನನ್ನದು ಅವಳಿಗೆ. ಅವಳು ನಗುವುದನ್ನು ನೋಡಿ ನನಗೆ ನಗು ಹುಟ್ಟಿ ಅದು ಅವಳಿಂದ ಬರುತ್ತಿತ್ತು, ಅದರಿಂದ ಅವಳಿಗೆ ಇನ್ನಷ್ಟು ಹುಟ್ಟಿ ನನ್ನಿಂದ ಬರುತ್ತಿತ್ತು. ಮೈಕನ್ನು ಧ್ವನಿವರ್ಧಕದ ಬಾಯಿಗೆ ಹಿಡಿದರೆ ಏನಾಗುತ್ತದೆ ಎಂದು ನಾನು ತರಗತಿಯಲ್ಲಿ ಓದಿದ್ದೆ. ಒಳಗಿನಿಂದ ಅದು ಹೇಗಿರುತ್ತದೆಂದು ಪುಸ್ತಕದಲ್ಲಿ ಬರೆದಿರಲಿಲ್ಲ.

ಉಸಿರು ಸಿಕ್ಕಿದ ಒಂದು ಸಂದಿನಲ್ಲಿ, ಪರೀಕ್ಷೆಯಲ್ಲಿ ನಿಜಕ್ಕೂ ಏನಾಯಿತೆಂದು ಅವಳಿಗೆ ಹೇಳಿದೆ. ಫೇಲಾಯಿತು ಎಂದಷ್ಟೇ ಅಲ್ಲಿಯತನಕ ಹೇಳಿದ್ದೆ. ಬುಧವಾರ, ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷ, ಏಳು ನಿಮಿಷದ ನಗು. ದೊಡ್ಡಮ್ಮನ ಕೈ ಬಾಯಿಗೆ ಹೋಯಿತು. ಆವತ್ತು ಆ ಹೊತ್ತಿಗೆ ಅವಳು ಮನೆಯಲ್ಲಿ ಒಬ್ಬಳೇ ಇದ್ದು, ನನ್ನ ಹಳೆಯ ಅಂಗಿಯನ್ನು ಕುರ್ಚಿಗೆ ತೊಡಿಸಿ, ಅದರ ಮುಂದೆ ಕೈಮುಗಿದು, ‘ಬನ್ನಿ ಡಾಕ್ಟ್ರೇ, ಕಾಫಿ ತಗೊಳ್ಳಿ ಡಾಕ್ಟ್ರೇ’ ಎಂದು ಅಭ್ಯಾಸ ಮಾಡುತ್ತಿದ್ದಳಂತೆ. ಅಂಗಿಯ ತೋಳು ಜಾರಿ ಕಾಫಿ ಲೋಟಕ್ಕೆ ಬಿದ್ದಾಗ ಅವಳ ಕಿವಿ ಸುಟ್ಟುಹೋಗುವಷ್ಟು ಕಾದಿತ್ತಂತೆ.

ನಾನು ಡಾಕ್ಟರಾಗುವ ಸಂತೋಷವೇ ನಾನು ಡಾಕ್ಟರಾಗದ ಹಾಗೆ ಮಾಡಿತ್ತು. ಆರು ವರ್ಷದ ದುಡಿಮೆ. ಸಿಟ್ಟು ಬರಬೇಕಾದ ಜಾಗ ಇದು ಎಂದು ನನಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ವರ್ಷದ ಹಿಂದೆ ಪ್ರಬಂಧ ಹೋದ ಸಿಟ್ಟಿನಲ್ಲಿ ನನ್ನ ನಗು ಬತ್ತಿ ಅವಳು ಮೂಕಳಾದಳು, ನನ್ನನ್ನು ಕಂಡ ನೋವಿನಲ್ಲಿ ಅವಳ ನಗು ಬತ್ತಿ ನಾನು ಮೂಕನಾದೆ. ಮೊದಲು ಯಾರು? ಸಿಟ್ಟು ಮಾಡಲು ಕಡಿಮೆಯೆಂದರೆ ಇಬ್ಬರು ಬೇಕು, ಮಾಡುವವನೊಬ್ಬ, ಮಾಡಿಸಿಕೊಳ್ಳುವವನೊಬ್ಬ. ಎಣಿಕೆಯಲ್ಲಿ ಪಳಗಿದವನಲ್ಲವೇ, ಎಣಿಸಿ ನೋಡಿದೆ. ಹಿತ್ತಲಿನಲ್ಲಿ ನಗು ಇತ್ತು. ಅದರ ಒಂದು ತುದಿಯಲ್ಲಿ ದೊಡ್ಡಮ್ಮ, ಇನ್ನೊಂದು ತುದಿಯಲ್ಲಿ ನಾನು ಎಂದುಕೊಂಡು ತುದಿಯನ್ನು ಹುಡುಕಿದೆ. ತುದಿ ಸಿಗಲಿಲ್ಲ. ಇಬ್ಬರು ಸಿಗಲಿಲ್ಲ. ಒಬ್ಬ ಇದ್ದಾನೆ ಎನ್ನೋಣವೆಂದರೆ, ಆ ಒಬ್ಬನನ್ನು ಬೇರೆ ನಿಂತು ಎಣಿಸಲು ಯಾರೂ ಉಳಿದಿರಲಿಲ್ಲ. ಬಾವಿಯ ರಾಟೆ, ಬಾಳೆಯ ಎಲೆ, ಜೋಯಿಸರ ಕನ್ನಡಕ, ಆಕಾಶದಲ್ಲಿ ಗಾಬರಿಯಿಂದ ಸುತ್ತುತ್ತಿದ್ದ ಕಾಗೆಗಳು, ಎಲ್ಲ ಅದೇ ನಗುವಿನಲ್ಲಿ ಒದ್ದೆಯಾಗಿದ್ದವು. ಇದು ಎಷ್ಟು ಹೊತ್ತು ನಡೆಯಿತೆಂದು ಹೇಳಲಾರೆ. ನನ್ನ ಬದುಕಿನಲ್ಲಿ ನಾನು ಗಡಿಯಾರ ನೋಡದೆ ಬಿಟ್ಟದ್ದು ಅದೊಂದೇ ಸಲ.

ನಮ್ಮನ್ನು ನೋಡಿ ಮುನಿವೆಂಕಟನ ಕಿವಿ ಕೆಂಪಾಗಿ, ಅವನ ನಗು ಸಂತೆಬೀದಿಯಲ್ಲಿ ಯಾರಿಂದಲೋ ಹೊರಟಿತು. ಅವರನ್ನು ನೋಡಿದವರ ನಗು ಇನ್ನೆಲ್ಲಿಂದಲೋ. ಗೋಡೆಯಾಚೆ ಒಂದೊಂದೇ ಮನೆ ಹತ್ತಿಕೊಳ್ಳುವುದು ಕೇಳುತ್ತಿತ್ತು. ಕೊನೆಗೆ ಎಲ್ಲಿಯದೋ ಒಂದು ಜೋಯಿಸರನ್ನೂ ಹಿಡಿಯಿತು. ಅವರು ದರ್ಭೆ ಹಿಡಿದ ಕೈಯನ್ನೇ ಮೇಲೆತ್ತಿ, ನಂದಲ್ಲ, ನಂದಲ್ಲ ಎನ್ನುತ್ತ ಕಣ್ಣೀರು ಸುರಿಸಿದರು.

“ಇರ್ಲಿ ಬಿಡಿ ಜೋಯಿಸ್ರೇ,” ಎಂದಳು ದೊಡ್ಡಮ್ಮ, ನೆಲಕ್ಕೆ ಕುಸಿದು ಕೂತು. “ಇವತ್ತೊಂದಿನ ನಂದೇ ಅಂದ್ಕೊಳಿ. ಏನ್ ಹೋಗ್ತದೆ.”

ಜೋಯಿಸರು ಕೈ ಇಳಿಸಿ ನೋಡಿದರು. ಏನೂ ಹೋಗಲಿಲ್ಲ.

ಎಲ್ಲ ಸ್ವಲ್ಪ ತಣ್ಣಗಾದ ಮೇಲೆ ಅವರು ಮೂಗು ಒರೆಸಿಕೊಂಡು ಶಾಸ್ತ್ರಕ್ಕೆ ಮರಳಿದರು. ಆವಾಹನೆ ಆಗಿಹೋಗಿದೆ, ಬಂದವರನ್ನು ಉಣ್ಣಿಸದೆ ಕಳಿಸುವ ಹಾಗಿಲ್ಲ. ಹಾಗೆಂದು ಎಡೆ ಕಾಗೆಗೆ ಇಟ್ಟರೆ ದಾರಿ ಮುಚ್ಚಿಹೋಗುತ್ತದೆ. ಬಹಳ ಹೊತ್ತು ಬೆರಳು ಮಡಚಿ ಬಿಚ್ಚಿ, ತೀರಿಕೊಂಡವರು ಸ್ವತಃ ಇಲ್ಲೇ ನಿಂತಿರುವಾಗ ಕಾಗೆಯ ಮಧ್ಯಸ್ಥಿಕೆ ಏಕೆ, ಅವರೇ ಕೂತು ಉಂಡುಬಿಡಲಿ ಎಂದರು. ಮುನಿವೆಂಕಟ ತನಗೂ ಪಕ್ಕದಲ್ಲಿ ಒಂದು ಎಲೆ ಹಾಕಿಕೊಂಡ. ಸತ್ತವರು ಎರಡನೆಯ ಸಲ ವಡೆ ಕೇಳುವ ಪದ್ಧತಿ ಇಲ್ಲ ಎಂದು ಜೋಯಿಸರು ನನಗೆ ಮೊದಲೇ ಎಚ್ಚರಿಸಿದರು. ನಾನು ನಾಲ್ಕು ಸಲ ಕೇಳಿದೆ.

ದೊಡ್ಡಮ್ಮ ಪಾಯಸದ ಸೌಟು ಹಿಡಿದು ನನ್ನ ಎಲೆಯ ಮುಂದೆ ಬಗ್ಗಿದಳು. ಬಗ್ಗಿದವಳಿಗೆ ನನ್ನ ಮುಖ ಕಂಡಿತು, ನನಗೆ ಅವಳದು. ಸೌಟು ನಡುಗತೊಡಗಿತು. ಪಾಯಸ ಎಲೆ ದಾಟಿ ನನ್ನ ಮಡಿಲಿಗೆ ಇಳಿಯಿತು.

“ಲೋ, ನಿಜ ಹೇಳು,” ಎಂದಳು, ಒಂದೊಂದೇ ಮಾತನ್ನು ಉಸಿರಿನ ನಡುವೆ ಹೆಕ್ಕುತ್ತ. “ಈಗ ನಗ್ತಾ ಇರೋದು ನೀನೋ, ನಾನೋ?”

ಆರು ವರ್ಷ ಅಳತೆಯ ಶಾಸ್ತ್ರ ಓದಿದವನು ನಾನು. ಉತ್ತರ ಹೇಳಲೆಂದು ಬಾಯಿ ತೆರೆದೆ. ಬಂದದ್ದು ನಗು.